ಕಣ್ಣಿಗಿಂತ ಮೊದಲು ಕೆಂಪು

ಅತ್ತೆ ತೀರಿಕೊಂಡರು ಅಂತ ಫೋನು ಬಂದಾಗ ನಾನು ಅಂಗಡಿಯಲ್ಲಿ ಮಿಷಿನ್ ಮುಂದೆ ನಿಂತಿದ್ದೆ. ಯಾರದೋ ಮದುವೆಯ ಫ್ಲೆಕ್ಸ್ ಓಡುತ್ತಿತ್ತು. ಹೆಣ್ಣಿನ ಸೀರೆಯ ಕೆಂಪು ಗೆರೆ ಗೆರೆಯಾಗಿ ಹೊರಗೆ ಬರುತ್ತಿತ್ತು. ಅಳು ಆಮೇಲೆ ಬಂತು. ಮೊದಲು ಬಂದ ಯೋಚನೆ ಹೇಳಿದರೆ ನಗುತ್ತೀರಿ. ಈ ಕೆಂಪನ್ನ ಅತ್ತೆ ನೋಡಿದ್ದರೆ ನನ್ನ ಗ್ರಹಚಾರ ಬಿಡಿಸುತ್ತಿದ್ದರಲ್ಲ ಅಂದುಕೊಂಡೆ.

ನಮ್ಮ ಧರ್ಮಪುರಿ ಕಡೆ ಯಾರಾದರೂ ಹೋದರೆ ಹಾರ ಬರುವುದಕ್ಕೆ ಮೊದಲೇ ಬ್ಯಾನರ್ ಬರಬೇಕು. ಮೇಲೆ 'ಕಣ್ಣೀರ್ ಅಂಜಲಿ' ಅಂತ ದಪ್ಪ ತಮಿಳು ಅಕ್ಷರ, ನಡುವೆ ಸತ್ತವರ ಫೋಟೋ, ಕೆಳಗೆ ದುಃಖಪಡುವವರ ಹೆಸರು, ಅವರವರ ಫೋಟೋ ಸಮೇತ. ಬಸ್ ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಯ ಅರ್ಧ ಬದುಕು ಅದರಲ್ಲೇ ನಡೆಯುವುದು. ಆದರೆ ಅತ್ತೆಗೆ ನಾನು ಬ್ಯಾನರ್ ಮಾಡಲಿಲ್ಲ. ಅವರ ಮಗಳೂ ಕೇಳಲಿಲ್ಲ. ಹಿಂದೊಮ್ಮೆ ಅಂಗಡಿಯಲ್ಲಿ ಅಂಥದ್ದೊಂದು ಒಣಗಲು ಹಾಕಿದ್ದನ್ನ ನೋಡಿ ಅತ್ತೆ ಹತ್ತಿರ ಹೋಗಿ ನಿಂತು, ಸತ್ತೋರ್ಗೂ ಲಿಪ್‌ಸ್ಟಿಕ್ ಬಳಿದಿದ್ದೀಯಲ್ಲಾ, ಅವರ ಹೆಂಡತಿಗೆ ಗುರುತು ಸಿಕ್ತಾ ಅಂತ ಕೇಳಿದ್ದರು. ಆವತ್ತಿನಿಂದ ಸತ್ತವರ ತುಟಿಯ ಬಣ್ಣ ನಾನು ಒಂದು ಸಲ ಇಳಿಸಿಯೇ ಅಚ್ಚಿಗೆ ಕಳಿಸುವುದು.

ಅವರ ಹೆಸರು ಇಲ್ಲೂ ಬರೆಯುವುದಿಲ್ಲ. ದೇವರ ಬಟ್ಟೆಗೆ ಬರೆದವರ ಹೆಸರು ಅಂಟಬಾರದು ಅನ್ನುವುದು ಅವರ ಮನೆತನದ ಕಟ್ಟು. ಊರಿಗೆಲ್ಲ ಅವರು ಅತ್ತೆ. ನನಗೂ ಅಷ್ಟೆ, ರಕ್ತಸಂಬಂಧ ಏನಿಲ್ಲ.

ದೇವರ ಬಟ್ಟೆ ಅಂದೆನಲ್ಲ, ಅದನ್ನ ಹೇಳಿಬಿಡುತ್ತೇನೆ. ನಾವು ಕುರಿ ಸಾಕಿಕೊಂಡು ಬಂದ ಕನ್ನಡದವರು. ಮನೆಯಲ್ಲಿ ಕನ್ನಡ, ಬೀದಿಗೆ ಇಳಿದರೆ ತಮಿಳು. ನಾನು ಕನ್ನಡದ ಅಕ್ಷರ ಕಲಿತದ್ದೇ ಹೊಸೂರಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸುತ್ತಾ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕುಲದೇವರು ವೀರಭದ್ರ. ನಲ್ಲಂಪಳ್ಳಿ ಆಚೆ ಹೊಲದ ನಡುವೆ ಗುಡಿ. ಒಳಗೆ ಕಲ್ಲಿನ ವಿಗ್ರಹ ಇಲ್ಲ. ಶಿವರಾತ್ರಿಯ ದಿನ ಒಂದು ದೊಡ್ಡ ಬರೆದ ಬಟ್ಟೆಯನ್ನ ತೂಗುಹಾಕುತ್ತಾರೆ, ಅದೇ ನಮಗೆ ದೇವರು. ದೀಪದ ಹೊಗೆ ಹಿಡಿದು ಬಟ್ಟೆ ಹಳತಾದರೆ ಹೊಗೇನಕಲ್ಲಿಗೆ ಒಯ್ದು ಹೊಳೆಗೆ ಬಿಟ್ಟು ಹೊಸದು ಬರೆಸುತ್ತಾರೆ. ಬರೆಯುವುದು ಅತ್ತೆಯ ಮನೆಯವರು, ಅದಿಯಮಾನ್‌ಕೋಟೆಯ ಪಕ್ಕದ ಹಳ್ಳಿಯಲ್ಲಿ. ಗಂಡುಮಕ್ಕಳು ಇಲ್ಲದ್ದಕ್ಕೆ ಅವರ ಅಪ್ಪ ಸಾಯುವಾಗ ಇವರ ಕೈಗೆ ಕುಂಚ ಕೊಟ್ಟು ಹೋದದ್ದು.

ಬಟ್ಟೆ ಪೂರ್ತಿ ಬರೆದು, ಕಟ್ಟಕಡೆಗೆ ಕಣ್ಣು ತೆರೆಸುವುದು. ತಮಿಳಿನಲ್ಲಿ 'ಕಣ್ ತಿರಪ್ಪು' ಅನ್ನುತ್ತಾರಲ್ಲ, ಅದು. ಕಣ್ಣು ಇಡುವವರೆಗೆ ಅದು ಬರೀ ಬಟ್ಟೆ. ಸುತ್ತಬಹುದು, ಹೊರಬಹುದು, ನೆಲದ ಮೇಲೆ ಹಾಸಬಹುದು. ಅದಕ್ಕೆ ಕೈ ಮಾತ್ರ ಮುಗಿಯಬಾರದು. ಕಣ್ಣು ಇಟ್ಟ ಮೇಲೆ ಅದು ದೇವರು. ಗುಡಿ ಬಿಟ್ಟು ಆಚೆ ತರುವ ಹಾಗಿಲ್ಲ, ಫೋಟೋ ಹಿಡಿಯುವ ಹಾಗಿಲ್ಲ. ಕಣ್ಣು ತೆರೆಸುವ ಹಕ್ಕು ಬರೆದ ಕೈಗೆ ಮಾತ್ರ. ಈ ಕಟ್ಟುಗಳನ್ನ ಊರಿಗೆಲ್ಲ ಬಿಡದೆ ಹೇಳಿಕೊಟ್ಟವರೇ ಅತ್ತೆ. ಕಣ್ಣಿಡದ ಬಟ್ಟೆಗೆ ಯಾರಾದರೂ ಮುದುಕಿ ಅಪ್ಪಿತಪ್ಪಿ ಕೈ ಮುಗಿದರೆ, ಇನ್ನೂ ಬಂದಿಲ್ಲ ಇರವ್ವಾ, ಯಾರ್ಗೆ ಮುಗೀತೀಯಾ ಅಂತ ರೇಗಿಸುತ್ತಿದ್ದರು.

ನನ್ನ ಅವರ ಪರಿಚಯ ಬೈಗುಳದಿಂದಲೇ ಶುರುವಾಗಿದ್ದು. ನಮ್ಮ ಕುಲದ ಹುಡುಗನೊಬ್ಬ ಕದ್ದು ಫೋನಿನಲ್ಲಿ ಹಿಡಿದಿದ್ದ ಹಳೇ ಬಟ್ಟೆಯ ಫೋಟೋ ತಂದು ಫ್ಲೆಕ್ಸ್ ಹಾಕಿಸಿಕೊಂಡು ಹೋಗಿದ್ದ. ಒಂದು ಬೆಳಿಗ್ಗೆ ದಪ್ಪ ಮೂಗುಬೊಟ್ಟಿನ ಹೆಂಗಸೊಬ್ಬರು ಆ ಫ್ಲೆಕ್ಸನ್ನ ಚಾಪೆಯ ಹಾಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅಂಗಡಿಗೆ ಬಂದರು. ಅದನ್ನ ನನ್ನ ಮೇಜಿನ ಮೇಲೆ ಹರಡಿ, ಇದು ವೀರಭದ್ರನಾ ಇಲ್ಲಾ ರೋಸ್ ಮಿಲ್ಕಾ ಅಂದರು. ನೋಡಿದರೆ ನಿಜವೇ, ದೇವರ ಮೈ ರೋಸ್ ಮಿಲ್ಕಿನ ಬಣ್ಣಕ್ಕೆ ತಿರುಗಿತ್ತು. ಫೋಟೋ ಸರಿಯಿಲ್ಲ, ಫ್ಲೆಕ್ಸಿನ ಇಂಕು ಹೀಗೇ ಅಂತ ನಾನು ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ ಅಂತ ಅಂದು ಕುರ್ಚಿ ಎಳೆದುಕೊಂಡು ಕೂತರು. ಕಾಫಿ ತರಿಸಿದೆ. ಕಾಫಿಗೂ ಬೈದರು.

ಜನಕ್ಕೆ ಅಚ್ಚು ಬೇಕಾಗಿತ್ತು ಅನ್ನುವುದು ಅವರಿಗೂ ಗೊತ್ತಿತ್ತು. ಕುಲದವರು ಈಗ ಊರಲ್ಲೇ ಎಲ್ಲಿದ್ದಾರೆ. ಸೇಲಂ, ಓಮಲೂರು, ತಿರುಪ್ಪೂರು ಅಂತ ಚದುರಿಹೋಗಿದ್ದಾರೆ. ಎಲ್ಲರಿಗೂ ಪೂಜೆ ಕೋಣೆಯಲ್ಲಿ ಒಂದು ಬೇಕು. ಗುಡಿಯ ಗೌಡರೂ ಕೇಳಿದ್ದರು. ಆ ವರ್ಷ ಹೇಗೂ ಹೊಸ ಬಟ್ಟೆ ಬರೆಯಬೇಕಿತ್ತು. ಹಾಗಾಗಿ ಅತ್ತೆ ಒಂದು ತೀರ್ಮಾನ ಮಾಡಿದರು. ಹೊಸ ಬಟ್ಟೆಯನ್ನ ಕಣ್ಣು ಬಿಟ್ಟು ಮಿಕ್ಕಿದ್ದೆಲ್ಲ ಮುಗಿಸಿ ನನಗೆ ತೋರಿಸುವುದು. ನಾನು ಫೋಟೋ ಹಿಡಿದು, ಅಚ್ಚು ತೆಗೆದು, ಬಟ್ಟೆಯ ಪಕ್ಕ ಇಟ್ಟು ಸರಿನೋಡುವುದು. ಅಚ್ಚು ಸರಿಬಂದ ದಿನ, ಶಿವರಾತ್ರಿಗೆ ಮೊದಲು, ಅವರು ಬಟ್ಟೆಗೂ ಅಚ್ಚುಗಳಿಗೂ ತಮ್ಮ ಕೈಯಿಂದಲೇ ಕಣ್ಣು ತೆರೆಸುವುದು. ಕೇಳುವುದಕ್ಕೆ ಸುಲಭವಾಗಿತ್ತು.

ಆ ಬಟ್ಟೆಯ ಸುರುಳಿ ಹೊತ್ತುಕೊಂಡು ಅವರು ಟೌನ್ ಬಸ್ಸಿನಲ್ಲಿ ಬರುತ್ತಿದ್ದುದನ್ನ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಹೆಂಗಸರಿಗೆ ಟೌನ್ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಸುರುಳಿ ಒಂದು ಆಳಿನಷ್ಟು ಉದ್ದ, ಪಕ್ಕದ ಸೀಟೂ ಅದಕ್ಕೇ ಬೇಕು. ಕಂಡಕ್ಟರ್ ಲಗೇಜ್ ಹಾಕಬೇಕು ಅಂದನಂತೆ. ಇದಿನ್ನೂ ಕಣ್ಣೇ ಬಿಟ್ಟಿಲ್ಲ, ಹುಟ್ಟದೇ ಇರೋದಕ್ಕೆ ಟಿಕೆಟ್ ಕೇಳ್ತೀಯಲ್ಲ ಅಂತ ಇವರು ತಮಿಳಿನಲ್ಲಿ ಕೇಳಿದರಂತೆ. ಬಸ್ಸೆಲ್ಲ ನಕ್ಕು ಅವನು ಮುಂದಕ್ಕೆ ಹೋದ. ಅಂಗಡಿಗೆ ಬಂದು ಅದನ್ನ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮೊದಲ ಅಚ್ಚು ನನ್ನ ಟ್ಯೂಬ್‌ಲೈಟಿನ ಕೆಳಗೆ ಬಹಳ ಚೆನ್ನಾಗಿ ಕಂಡಿತು. ದುಬಾರಿ ಕ್ಯಾನ್ವಾಸು, ಒಳ್ಳೆ ಇಂಕು, ನಾನು ಒಳಗೊಳಗೇ ಬೀಗಿದೆ. ಅತ್ತೆ ಅದನ್ನ ಅಲ್ಲಿ ನೋಡಲೇ ಇಲ್ಲ. ಮನೆಗೆ ತಗೊಂಡು ಬಾ ಅಂದರು. ಮನೆಯಲ್ಲಿ ಮಟಮಟ ಮಧ್ಯಾಹ್ನ ಬಾಗಿಲು ಕಿಟಕಿ ಎಲ್ಲ ಮುಚ್ಚಿಸಿ, ಎಣ್ಣೆ ದೀಪ ಹಚ್ಚಿ, ಬಟ್ಟೆ ಒಂದು ಕಡೆ ಅಚ್ಚು ಒಂದು ಕಡೆ ನಿಲ್ಲಿಸಿದರು. ದೇವರನ್ನ ಜನ ನೋಡುವುದು ದೀಪದಲ್ಲಿ, ಟ್ಯೂಬ್‌ಲೈಟಲ್ಲಿ ಅಲ್ಲ ಅನ್ನುವುದು ಅವರ ಲೆಕ್ಕ. ಆ ಬೆಳಕಿನಲ್ಲಿ ಅವರ ಕೆಂಪು ಹತ್ತಿರ ಕರೆಯುತ್ತಿತ್ತು. ನನ್ನ ಕೆಂಪು ಒಣಗಿದ ಇಟ್ಟಿಗೆ.

ಅಲ್ಲಿಂದ ಶುರುವಾಯಿತು ನೋಡಿ. ನಾನು ಕಂಪ್ಯೂಟರಿನಲ್ಲಿ ಕೆಂಪು ಏರಿಸಿ ತಂದರೆ ದೀಪಕ್ಕೆ ಸರಿಹೋಗುವುದು, ಬಾಗಿಲು ತೆಗೆದರೆ ಬಿಸಿಲಿಗೆ ಕಿರುಚುವುದು. ಬಿಸಿಲಿಗೆ ಸರಿಮಾಡಿದರೆ ದೀಪದಲ್ಲಿ ಸಾಯುವುದು. ಪ್ರತಿಸಲವೂ ಅವರು ಅಚ್ಚಿನ ಮೂಲೆಯನ್ನ ಬೆರಳಿನಿಂದ ಸವರಿ, ನಂದಲ್ಲ ಇದು ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಯಾವ ಗಿರಾಕಿ ಇಷ್ಟು ನೋಡುತ್ತಾನೆ. ಇದೇ ಅಚ್ಚನ್ನ ಸೇಲಂನಲ್ಲಿ ಯಾರಿಗಾದರೂ ಕೊಟ್ಟಿದ್ದರೆ ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಮನೆಗೆ ಹೋಗಿ ಹೆಂಡತಿಯ ಹತ್ತಿರ, ಆ ಅತ್ತೆಯ ಸಹವಾಸವೇ ಬೇಡ ಅನ್ನುವುದು, ಬೆಳಗಾದರೆ ಇನ್ನೊಂದು ಅಚ್ಚು ಹಿಡಿದುಕೊಂಡು ಅದೇ ಬಾಗಿಲಿಗೆ ಹೋಗುವುದು.

ಅವರ ಕೈ ನಡುಗುವುದನ್ನ ನಾನು ಮೊದಲು ಕಂಡದ್ದು ಆ ದಿನಗಳಲ್ಲೇ. ಕಾಫಿ ಲೋಟ ಡಬರಾದ ಒಳಗೆ ಕಟಕಟ ಅನ್ನುತ್ತಿತ್ತು. ಛಳಿ ಅಂದರು. ಮಾರ್ಗಳಿ ತಿಂಗಳು, ಛಳಿಯೂ ಇತ್ತು, ಇರಬಹುದು ಅಂದುಕೊಂಡೆ. ಓಮಲೂರಿಗೆ ಕೊಟ್ಟ ಅವರ ಮಗಳು ಬಂದಿದ್ದಳು. ನನ್ನನ್ನ ಹಿತ್ತಲಿಗೆ ಕರೆದು, ಛಳಿಯಲ್ಲ ಅಣ್ಣಾ, ಡಾಕ್ಟರಿಗೆ ತೋರಿಸಿದ್ದಾಯಿತು, ಮಾತ್ರೆ ನಡೀತಿದೆ, ಕಡಿಮೆಯಾಗುತ್ತೆ ಅಂತ ಅವರು ಹೇಳ್ತಿಲ್ಲ ಅಂದಳು. ಅವಳಿಗೆ ಒಂದೇ ಆತಂಕ. ಅಚ್ಚಿನ ಗೊಡವೆ ಆಮೇಲಿರಲಿ, ಅವ್ವ ಮೊದಲು ಬಟ್ಟೆಗೆ ಕಣ್ಣು ತೆರೆಸಿಬಿಡಲಿ. ಬಟ್ಟೆಯೂ ಬೇಕು ಅಚ್ಚೂ ಬೇಕು ಅಂತ ಅವ್ವ ಕೂತಿದ್ದಾಳಲ್ಲ, ಅಕ್ಕಿ ಮೇಲಾಸೆ ನೆಂಟರ ಮೇಲೆ ಪ್ರೀತಿ ಅಂತ ಅವಳು ಕಣ್ಣೊರೆಸಿಕೊಂಡಳು.

ಗೌಡರು ಬಂದು ಹೇಳಿದರು. ನಾನೂ ಹೇಳಿದೆ. ಅಚ್ಚು ಇಷ್ಟು ಬಂದದ್ದು ಸಾಕು ಅತ್ತೆ, ಕಣ್ಣು ಇಟ್ಟುಬಿಡಿ, ಯಾರೂ ಏನೂ ಅನ್ನಲ್ಲ ಅಂದೆ. ಅವರು ಹುಣಸೆ ಬೀಜ ಬೇಯಿಸಿದ ಅಂಟನ್ನ ತಿರುವುತ್ತಿದ್ದರು.

"ನಮ್ಮಪ್ಪನ ಕೆಂಪು ಎಂಗಿತ್ತು ಅಂತ ನಂಗೆ ಗೊತ್ತಿಲ್ಲ ಕಣ್ಲಾ," ಅಂದರು. "ನಾನು ಕುಂಚ ಇಡಿಯೋ ಒತ್ಗೆ ಅವನ ಬಟ್ಟೆ ಎಲ್ಲಾ ಮಸಿ ಇಡ್ದಿತ್ತು. ಊಹೆ ಮಾಡ್ಕೊಂಡು ಕಲಸಿದ್ದು ನಾನು. ಸರಿಯೋ ತಪ್ಪೋ, ಕೇಳೋಕೆ ಯಾರೂ ಇರ್ನಿಲ್ಲ. ನಾನೋದ್ಮೇಲೆ ಬರೆಯೋರು ನಿನ್ನ ಅಚ್ಚು ನೋಡ್ಕೊಂಡೇ ಬರೀತಾರೆ. ಅದ್ರಲ್ಲಿ ತಪ್ಪಿದ್ರೆ ಅದೇ ನಿಜ ಆಗೋಯ್ತದೆ."

ಬಟ್ಟೆ ಹೊಳೆಗೆ ಹೋಗುತ್ತದೆ, ಅಚ್ಚು ಉಳಿಯುತ್ತದೆ, ಅದು ಅವರಿಗೆ ನನಗಿಂತ ಮೊದಲೇ ಕಂಡಿತ್ತು. ಈಗ ಒಂದು ಸಲ ಕಣ್ಣು ಇಟ್ಟರೆ ಬಟ್ಟೆ ಗುಡಿ ಸೇರುತ್ತದೆ. ಆಮೇಲೆ ಯಾವ ಅಚ್ಚನ್ನ ಯಾವುದರ ಪಕ್ಕ ಇಟ್ಟು ನೋಡುವುದು. ಮಗಳದ್ದೂ ಸರಿ, ಅವರದ್ದೂ ಸರಿ. ಆದರೆ ನಡುಗುವ ಕೈಗೆ ಈ ನ್ಯಾಯ ಎಲ್ಲ ಗೊತ್ತಾಗುತ್ತದೆಯೇ.

ಕೊನೆಗೆ ಕಾರಣ ಸಿಕ್ಕಿದ್ದು ಕೆಂಪಿನಲ್ಲಿ ಅಲ್ಲ, ಬಿಳುಪಿನಲ್ಲಿ. ಒಂದು ದಿನ ದೀಪದ ಮುಂದೆ ಅತ್ತೆ ನನ್ನ ಕ್ಯಾನ್ವಾಸಿನ ಖಾಲಿ ಅಂಚನ್ನ ಹಿಡಿದು, ನಿನ್ನ ಬಿಳುಪು ಸುಳ್ಳು ಬಿಳುಪು ಕಣ್ಲಾ, ಬಿಸಿಲಲ್ಲಿ ಒಂದು, ಇಲ್ಲಿ ಒಂದು ಅಂದರು. ನನಗೆ ತಟ್ಟನೆ ಹೊಳೆಯಿತು. ಅಂಗಡಿಯ ಕ್ಯಾನ್ವಾಸಿಗೆ ಬೆಳ್ಳಗೆ ಕಾಣಲಿ ಅಂತ ಬಟ್ಟೆಗೆ ಹಾಕುವ ನೀಲಿಯ ಹಾಗೆ ಏನೋ ಬೆರೆಸಿರುತ್ತಾರೆ. ಬಿಸಿಲಿನಲ್ಲಿ ಅದು ಹೊಳೆಯುತ್ತದೆ, ದೀಪಕ್ಕೆ ಮಂಕಾಗುತ್ತದೆ, ಮೇಲೆ ಕೂತ ಕೆಂಪನ್ನೂ ಎಳೆದುಕೊಂಡು ಹೋಗುತ್ತದೆ. ಹಾಗಾದರೆ ಅತ್ತೆ ಬರೆಯುವಂಥ ಬಟ್ಟೆಯ ಮೇಲೇ ಅಚ್ಚು ಹಾಕಬೇಕು. ಬ್ಲೀಚ್ ಮಾಡದ ಹತ್ತಿ ಬಟ್ಟೆ, ಅದಕ್ಕೆ ಹುಣಸೆ ಬೀಜದ ಅಂಟು ಮತ್ತು ಸುಣ್ಣದ ಪುಡಿ ಬಳಿದು ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಬೇಕು.

ಆ ಉಜ್ಜುವ ಕೆಲಸ ನಾನು ಮಾಡುತ್ತೇನೆ ಅಂತ ಮಗಳು ಕಲ್ಲು ಕಿತ್ತುಕೊಂಡಳು. ನಾನೂ ಕೂತು ನೋಡಿದೆ. ನಾವು ಉಜ್ಜಿದ್ದು ಅತ್ತೆಗೆ ಆಗಲಿಲ್ಲ. ಗಂಟು ಬಿಟ್ಟಿದ್ದೀರಿ, ಅಂಟು ಎತ್ತಿದ್ದೀರಿ ಅಂತ ಕಲ್ಲು ವಾಪಸ್ ಕಿತ್ತುಕೊಂಡು, ನೆಲದ ಮೇಲೆ ಮಂಡಿ ಊರಿ ತಾವೇ ಉಜ್ಜಿದರು. ಉಜ್ಜುವಾಗ ಕೈ ನಡುಗುತ್ತಿರಲಿಲ್ಲ, ಅದೊಂದು ವಿಚಿತ್ರ. ನಿಲ್ಲಿಸಿದ ಮೇಲೆ ಮೊಳಕೈವರೆಗೂ ನಡುಗುತ್ತಿತ್ತು. ಆ ಕಲ್ಲೇ ಅವ್ವನ ಕೈ ತಿಂದದ್ದು ಅಂತ ಮಗಳು ಈಗಲೂ ಅನ್ನುತ್ತಾಳೆ. ಡಾಕ್ಟರು ಹಾಗೇನಿಲ್ಲ, ಅದು ಬರುವ ಕಾಯಿಲೆಯೇ ಅಂದಿದ್ದಾರೆ. ಯಾರ ಮಾತು ನಂಬಬೇಕೋ ನನಗೆ ಗೊತ್ತಿಲ್ಲ.

ಉಜ್ಜಿದ ಆ ಖಾಲಿ ಬಟ್ಟೆ ನನ್ನ ಮಿಷಿನ್ನಿಗೆ ಸಿಕ್ಕಿಹಾಕಿಕೊಂಡು ಎರಡು ತುಂಡು ಹಾಳಾದವು. ಆಮೇಲೆ ಗಟ್ಟಿ ಕಾಗದಕ್ಕೆ ಅಂಟಿಸಿ ಒಳಗೆ ಬಿಟ್ಟೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೊರಗೆ ಬಂತು. ಮನೆಗೆ ಒಯ್ದೆ. ಬಾಗಿಲು ಮುಚ್ಚಿ ದೀಪದಲ್ಲಿ ನೋಡಿದರು. ಬಾಗಿಲು ತೆಗೆಸಿ ಅಂಗಳಕ್ಕೆ ಹಿಡಿಸಿ ನೋಡಿದರು. ಮತ್ತೆ ಒಳಗೆ ಬಂದು ಮುಚ್ಚಿಸಿದರು. ಯಾವಾಗಲೂ ನನ್ನ ಅಚ್ಚಿಗೆ ಮುಖ ಗಂಟುಹಾಕುತ್ತಿದ್ದವರು ಅವತ್ತು ಅದರ ಮುಂದೆ ಕೂತುಬಿಟ್ಟರು. ಆಮೇಲೆ, "ಪೋದುಂ, ಸಾಕು ಕಣ್ಲಾ. ನಂದೇ ಇದು," ಅಂದರು. ನನ್ನ ಹದಿನೇಳು ವರ್ಷದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮಾತು ಯಾರೂ ಹೇಳಿಲ್ಲ. ಹಿಗ್ಗಿ ಹೀರೇಕಾಯಿ ಆಗಿ ಮನೆಗೆ ಹೋದೆ.

ಕಣ್ಣು ತೆರೆಸುವುದಕ್ಕೆ ಶಿವರಾತ್ರಿಗೆ ಮುಂಚಿನ ಒಂದು ಒಳ್ಳೆಯ ಬೆಳಿಗ್ಗೆ ನೋಡಿದರು. ಬರೆಯುವವರು ಉಪವಾಸ ಇರಬೇಕು. ದೇವರು ಕಣ್ಣು ಬಿಟ್ಟಾಗ ಮೊದಲು ತನ್ನನ್ನೇ ನೋಡಿಕೊಳ್ಳಬೇಕು ಅಂತ ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಕನ್ನಡಿ ಹಿಡಿಯಲು ನನ್ನನ್ನ ಕರೆದಿದ್ದರು. ಗುಡಿಯಲ್ಲಿ ಗೌಡರು, ಪೂಜಾರಿ, ಮಗಳು, ನಾನು, ಅಷ್ಟೇ ಜನ. ಅತ್ತೆ ತಲೆಗೆ ಸ್ನಾನ ಮಾಡಿ ಹಳದಿ ಸೀರೆ ಉಟ್ಟಿದ್ದರು. ಕಾಡಿಗೆ ಕಲಸಿ ಕುಂಚ ಅದ್ದಿದರು. ಕೈ ಎತ್ತಿದರು.

ಮುಖದ ಹತ್ತಿರ ಹೋಗುವವರೆಗೆ ಸರಿಯಿತ್ತು. ಹತ್ತಿರ ಹೋಗುತ್ತಿದ್ದ ಹಾಗೆ ತುದಿ ಕುಣಿಯಿತು. ಕೈ ಕೆಳಗೆ ತಂದು, ಉಸಿರು ಬಿಟ್ಟು, ಮತ್ತೆ ಎತ್ತಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ನೋಡಿದರು. ಎರಡೂ ಸೇರಿ ನಡುಗಿದವು. ಮಗಳಿಗೆ ಹಿಡಿ ಅಂದರು. ಅವಳು ಹಿಡಿದಳು, ಅವಳದ್ದೂ ನಡುಗುತ್ತಿತ್ತು, ಅವಳು ಅಳುತ್ತಿದ್ದಳು. ಕಾಡಿಗೆಯ ಒಂದು ಹನಿ ನೆಲಕ್ಕೆ ಬಿತ್ತು. ಅತ್ತೆ ಅದನ್ನ ಸೆರಗಿನಿಂದ ಒರೆಸಿ, ಕುಂಚವನ್ನ ನೀರಿಗೆ ಹಾಕಿ, ಇವತ್ತು ಬ್ಯಾಡ ಅಂದರು. ನಾನು ಕನ್ನಡಿ ಹಿಡಿದೇ ನಿಂತಿದ್ದೆ. ಅದರಲ್ಲಿ ಆ ಕಣ್ಣಿಲ್ಲದ ಮುಖ ಕಾಣುತ್ತಿತ್ತು.

ಮತ್ತೆ ಎರಡು ಮೂರು ಬೆಳಿಗ್ಗೆ ಪ್ರಯತ್ನಿಸಿದರಂತೆ. ಆಮೇಲೆ ನಾವು ಕೇಳುವುದನ್ನೇ ಬಿಟ್ಟೆವು. ಮಗಳಿಗೆ ಕಣ್ಣು ಇಡುವುದನ್ನ ಕಲಿಸಿಲ್ಲ. ಬರೆದ ಕೈಯೇ ಇಡಬೇಕು ಅನ್ನುವುದು ಕಟ್ಟು. ನನ್ನ ಅಂಗಡಿಯ ಡಿಸೈನರ್, ಆ ಹಳೇ ಫೋನ್ ಫೋಟೋದಿಂದ ಕಣ್ಣು ಕತ್ತರಿಸಿ ಕೂರಿಸಿಕೊಡ್ತೀನಿ ಸರ್, ಎಷ್ಟೊತ್ತು ಅಂದ. ಬೇಡ ಅಂದೆ. ಅವನ ಕೆಲಸ ಅವನಿಗೆ.

ಶಿವರಾತ್ರಿ ಬಂದೇ ಬಂತು. ಹಳೇ ಬಟ್ಟೆ ಅಷ್ಟರಲ್ಲಿ ಹೊಳೆ ಸೇರಿತ್ತು. ಗುಡಿ ಬರಿದಾಗಿ ಇರಬಾರದು. ಗೌಡರು ಬಹಳ ಹಿಂಜರಿದು ಒಂದು ದಾರಿ ಹೇಳಿದರು: ಪೂಜಾರಿ ಕಾಡಿಗೆಯ ಎರಡು ಬೊಟ್ಟು ಇಡಲಿ. ಅತ್ತೆ, ನನ್ನ ಬಟ್ಟೆಗೆ ಬೊಟ್ಟು ಬೇಡ, ಅಚ್ಚಿಗೆ ಇಟ್ಟುಕೊಳ್ಳಿ ಅಂದರು. ಜಗಳ ಆಡಲಿಲ್ಲ. ಅವರು ಜಗಳ ಆಡದಿದ್ದದ್ದೇ ನನಗೆ ಹೆಚ್ಚು ಸಂಕಟ ಆಯಿತು.

ಹಾಗೆ ಗುಡಿಯಲ್ಲಿ ಅಚ್ಚು ತೂಗಿತು. ಪೂಜಾರಿ ಹೆಬ್ಬೆರಳಿನಿಂದ ಎರಡು ಬೊಟ್ಟು ಇಟ್ಟರು, ಒಂದು ಸ್ವಲ್ಪ ದೊಡ್ಡದಾಯಿತು. ದೀಪ ಹಚ್ಚಿದಾಗ ಕೆಂಪು ಎದ್ದು ಬಂತು. ತಿರುಪ್ಪೂರಿನಿಂದ ಬಂದವರೊಬ್ಬರು ನನ್ನ ಹೆಗಲು ತಟ್ಟಿ, ಅಪ್ಪಡಿಯೇ ಇರುಕ್ಕು, ಹಾಗೇ ಇದೆ, ಬರೆದದ್ದೋ ಅಚ್ಚೋ ಗೊತ್ತೇ ಆಗಲ್ಲ ಅಂದರು. ಜನ ಎಲ್ಲ ಕೈ ಮುಗಿದರು. ನಾನೂ ಮುಗಿದೆ. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಗಳನ್ನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಗೌಡರು ಬಗ್ಗಿ ಮೆಲ್ಲಗೆ, ಕೈ ಮುಗಿಯಲ್ವಾ ಅಂತ ಕೇಳಿದಾಗ, ಕೈ ಏಳಲ್ಲಪ್ಪಾ ಅಂದರು. ಸುತ್ತಲಿದ್ದವರು ಅಯ್ಯೋ ಪಾಪ ಅಂದುಕೊಂಡರು.

ಅವರನ್ನ ಮನೆಗೆ ನನ್ನ ವ್ಯಾನಿನಲ್ಲೇ ಬಿಟ್ಟೆ. ಹೊಗೆ ಎಲ್ಲರ ಕಣ್ಣಿಗೂ ಹೊಕ್ಕಿತ್ತು, ಅದನ್ನೇ ನೆಪ ಮಾಡಿಕೊಂಡು ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಮನೆಯ ನಡುಮನೆಯಲ್ಲಿ ಆ ಬಟ್ಟೆ ಗೋಡೆಗೆ ತೂಗಿತ್ತು, ಹಿಂದಿನ ದಿನ ಯಾರೋ ಧೂಳು ಹೊಡೆಯಲು ಬಿಚ್ಚಿದ್ದು ಹಾಗೇ ಇತ್ತು. ಖಡ್ಗ, ಕೊರಳ ಸರ, ದಕ್ಷನ ತಲೆ, ಎಲ್ಲ ಇದೆ. ಕಣ್ಣಿನ ಜಾಗದಲ್ಲಿ ಎರಡು ಬಿಳಿ.

ಅತ್ತೆ ಮಗಳ ಹೆಗಲು ಬಿಟ್ಟು ಅದರ ಮುಂದೆ ನಿಂತರು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುವವನ ಹಾಗೆ ತಲೆ ಬಗ್ಗಿಸಿಕೊಂಡೆ, ಆದರೂ ಕಂಡಿತು. ಅವರ ಎರಡು ಕೈ ಮೇಲೆ ಬಂದವು. ನಡುಗುತ್ತಲೇ ಬಂದು, ಎದೆಯ ಹತ್ತಿರ ಒಂದಕ್ಕೊಂದು ಕೂಡಿದವು.

"ಮನ್ನಿಸಪ್ಪಾ," ಅಂದರು. "ತಡ ಮಾಡ್ಬುಟ್ಟೆ."